ಹಿರಿಯರು ಬರುವ ಹೊತ್ತು

ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ 31ನೆಯ ರಾತ್ರಿ ಹ್ಯಾಲೋವೀನ್ ಎಂಬ ಹಬ್ಬವು ನಡೆಯುವುದಷ್ಟೆ. ಮಕ್ಕಳು ದೆವ್ವಗಳ ವೇಷವನ್ನು ಧರಿಸಿ ಮನೆಮನೆಗೂ ಹೋಗಿ ಮಿಠಾಯಿಯನ್ನು ಬೇಡುವರು; ಕುಂಬಳಕಾಯಿಯಲ್ಲಿ ಕಣ್ಣು ಬಾಯಿಗಳನ್ನು ಕೊರೆದು ಒಳಗೆ ದೀಪವನ್ನಿಡುವರು. ಈ ಕುಂಬಳಕಾಯಿಯ ದೀಪವು ಅಮೆರಿಕದಲ್ಲಿ ರೂಢಿಗೆ ಬಂದುದು. ಐರ್ಲೆಂಡಿನ ಹಳ್ಳಿಗರು ಟರ್ನಿಪ್ ಗೆಡ್ಡೆಯನ್ನು ಕೊರೆಯುತ್ತಿದ್ದರು. ಸುಗ್ಗಿ ಮುಗಿದು ಚಳಿಗಾಲವು ಕಾಲಿಡುವ ಆ ಸಂಧಿಯಲ್ಲಿ ಸತ್ತವರು ಮನೆಗೆ ಬರುವರೆಂಬುದು ಅಲ್ಲಿನವರ ಹಳೆಯ ನಂಬಿಕೆ. ಕಳೆದ ವರ್ಷ ನಮ್ಮ ಮೊಮ್ಮಗನು ಶಾಲೆಯಿಂದ ಕಾಗದದ ಮುಖವಾಡವೊಂದನ್ನು ತಂದು, “ನೀವು ಚಿಕ್ಕವರಾಗಿದ್ದಾಗ ಈ ಹಬ್ಬವಿತ್ತೆ?” ಎಂದು ಕೇಳಿದನು. ಇದ್ದಿತು. ಆದರೆ ನಮ್ಮಲ್ಲಿ ವೇಷದವರು ಬರುತ್ತಿರಲಿಲ್ಲ, ನಿಜವಾದವರೇ ಬರುತ್ತಿದ್ದರು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಸೀಮೆಗಳಲ್ಲಿ ಪಿತೃಪಕ್ಷವೆಂದರೆ ಹಿರಿಯರ ಹಬ್ಬ. ನಮ್ಮ ಊರು ಕೋಟೆಯ ಸೀಮೆಯದು. ಆ ದಿನ ನಡುಮನೆಯನ್ನು ಸಾರಿಸಿ, ಹೊಸ ಬಟ್ಟೆಗಳನ್ನಿರಿಸಿ, ಬಾಳೆಯೆಲೆಯ ಮೇಲೆ ಎಡೆಯಿಡುತ್ತಿದ್ದರು. ಯಾರಿಗೆ ಯಾವುದು ಪ್ರಿಯವೋ ಅವರಿಗೆ ಅದು; ಅಜ್ಜನಿಗೆ ಕಡುಬು, ಎಲೆಯಡಿಕೆ, ಹೊಗೆಸೊಪ್ಪು. ಸಾಂಬ್ರಾಣಿಯ ಹೊಗೆಯಿಟ್ಟ ಮೇಲೆ ಬಾಗಿಲನ್ನು ಮುಚ್ಚಿ ಎಲ್ಲರೂ ಜಗುಲಿಗೆ ಬರಬೇಕು. ಹಿರಿಯರು ಉಣ್ಣುವ ಹೊತ್ತಿನಲ್ಲಿ ಯಾರೂ ಇಣುಕಬಾರದು. ಒಳಗೆ ಇಲಿಯೊಂದು ಸರಿದರೂ ನಮ್ಮ ಎದೆ ನಡುಗುತ್ತಿದ್ದಿತು. ಕಡೆಗೆ ಅಪ್ಪನು ಬಾಗಿಲ ಬಳಿ ಕೆಮ್ಮಿ, ನಿಧಾನವಾಗಿ ಒಳಗೆ ಹೋಗುವನು. ಎಡೆಯಲ್ಲಿನ ತುತ್ತನ್ನು ಕಾಗೆಗಿಟ್ಟ ಮೇಲೆಯೇ ನಮ್ಮ ಊಟ.

1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಯ ಅಣೆಕಟ್ಟು ಮುಗಿದು ಎಷ್ಟೋ ಹಳ್ಳಿಗಳು ನೀರಿನೊಳಗಾದುವು. ಅವುಗಳಲ್ಲಿ ನಮ್ಮದೂ ಒಂದು. ನಮಗೆ ದೊರೆತ ಹೊಸ ಊರಿನಲ್ಲಿ ಬೀದಿಗಳು ನೇರ, ಮನೆಗಳೆಲ್ಲವೂ ಒಂದೇ ಬಗೆ. ಅಲ್ಲಿನ ಮೊದಲನೆಯ ಹಬ್ಬದ ದಿನ ಅಜ್ಜಿಗೆ ಒಂದು ಚಿಂತೆ ಹಿಡಿಯಿತು. “ಅವರು ಹಳೆಯ ಮನೆಗೆ ಬಂದು, ನೀರನ್ನು ನೋಡಿ ಹಸಿದು ಹಿಂದಿರುಗಿದರೆ?” ಅಪ್ಪನು ನಕ್ಕು, ಸತ್ತವರಿಗೆ ಎಲ್ಲವೂ ತಿಳಿಯುವುದೆಂದನು. ಅಜ್ಜಿಯು ನಗಲಿಲ್ಲ. ಸಂಜೆಯಾಗುತ್ತಲೇ ಲಾಟೀನನ್ನು ಹಿಡಿದು, ಎಂಟು ವರ್ಷದ ನಮ್ಮನ್ನು ಜೊತೆಗೆ ಕರೆದುಕೊಂಡು ನೀರಿನ ಅಂಚಿಗೆ ಹೊರಟಳು.

ಅಲ್ಲಿ ಒಂದು ವೀಳ್ಯವನ್ನು ನೀರಿಗೆ ಬಿಟ್ಟು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿದಳು. ಕಡೆಯದು ನಮ್ಮ ಅಕ್ಕನ ಹೆಸರು. ಅವಳು ಮೂರು ವರ್ಷದವಳಾಗಿದ್ದಾಗ ಜ್ವರದಿಂದ ತೀರಿಕೊಂಡಿದ್ದಳು. “ನಮ್ಮ ಹಿಂದೆ ಬನ್ನಿ” ಎಂದು ಹೇಳಿ ಅಜ್ಜಿಯು ತಿರುಗಿ ನಡೆದಳು. “ಇಲ್ಲಿ ಹುಣಿಸೆಯ ಮರ. ಎಡಕ್ಕೆ ತಿರುಗಿ. ಇಲ್ಲಿ ಹಳ್ಳವುಂಟು, ನೋಡಿಕೊಳ್ಳಿ” ಎಂದು ಹಿಂದೆ ಬರುವವರಿಗೆ ಹೇಳುತ್ತಲೇ ಇದ್ದಳು. ನಮಗೋ ಬೆನ್ನಿನಲ್ಲಿ ಚಳಿ. ಹಿಂದಿರುಗಿ ನೋಡುವ ಧೈರ್ಯವಿಲ್ಲ. ಅವಳ ಸೆರಗನ್ನು ಬಲವಾಗಿ ಹಿಡಿದೆವು. ಆಗ ಅಜ್ಜಿಯು, “ಅಕ್ಕ ಚಿಕ್ಕವಳು, ಕತ್ತಲೆಯೆಂದರೆ ಹೆದರುವಳು. ನೀನು ಅವಳ ಕೈ ಹಿಡಿದುಕೋ” ಎಂದಳು.

ನಾವು ಸೆರಗನ್ನು ಬಿಟ್ಟು ಕೈಯನ್ನು ಹಿಂದಕ್ಕೆ ಚಾಚಿದೆವು. ಮನೆ ಮುಟ್ಟುವವರೆಗೂ ಆ ಕೈಯನ್ನು ಮಡಿಸಲಿಲ್ಲ. ಹಳ್ಳದ ಬಳಿ ಬಂದಾಗ ಮೆಲ್ಲನೆ ನಡೆದೆವು. ಅಷ್ಟು ಹೊತ್ತಿಗೆ ನಮ್ಮ ಹೆದರಿಕೆಯು ಎಲ್ಲಿಯೋ ಹೋಗಿದ್ದಿತು. ಆ ರಾತ್ರಿ ಮುಚ್ಚಿದ ಬಾಗಿಲಿನ ಮುಂದೆ ಕುಳಿತು, ಅಕ್ಕನು ಸರಿಯಾಗಿ ಉಂಡಳೋ ಇಲ್ಲವೋ ಎಂಬುದೊಂದೇ ನಮ್ಮ ಯೋಚನೆ.

ಅಜ್ಜಿಯು ತೀರಿಕೊಂಡು ಬಹುಕಾಲವಾಯಿತು. ಈಗ ನಾವು ಮೈಸೂರಿನ ಮಹಡಿಮನೆಯೊಂದರ ಮೂರನೆಯ ಅಂತಸ್ತಿನಲ್ಲಿರುವೆವು. ಜಗುಲಿಯಿಲ್ಲ, ಕಾಗೆಗಳೂ ಅಪರೂಪ. ಈ ವರ್ಷದ ಪಿತೃಪಕ್ಷದಲ್ಲಿ ಎಡೆಯಿಟ್ಟ ಮೇಲೆ ಮೊಮ್ಮಗನೊಡನೆ ಕೆಳಗಿಳಿದು ಬೀದಿಯ ಬಾಗಿಲಿನಲ್ಲಿ ನಿಂತೆವು. “ಏಕೆ ಬಂದೆವು?” ಎಂದು ಅವನು ಕೇಳಿದನು. ಮುತ್ತಜ್ಜಿಗೆ ಈ ಮನೆಯ ದಾರಿ ತಿಳಿಯದೆಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಟ್ಟಿಲನ್ನು ಹತ್ತುವಾಗ ತಾನಾಗಿಯೇ ಹೇಳತೊಡಗಿದನು: “ಇಲ್ಲಿ ಬಲಕ್ಕೆ. ಇಲ್ಲಿ ದೀಪ ಕೆಟ್ಟಿದೆ, ನೋಡಿಕೊಂಡು ಬನ್ನಿ.”