ಅರ್ಧ ತುಂಬಿದ ಚೌಕ

ದೊಡ್ಡಪ್ಪನ ಮನೆಯ ಹಳೇ ಕಂಪ್ಯೂಟರಿನಲ್ಲಿ ಅಣ್ಣ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಆಡುತ್ತಿದ್ದರೆ ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಕಟ್ಟಡ, ಬೇಲಿ, ರಸ್ತೆ ಎಲ್ಲದರ ಅಂಚೂ ಗರಗಸದ ಹಲ್ಲಿನ ಹಾಗೆ. ದೂರದ ತಂತಿಗಳಂತೂ ತುಂಡುತುಂಡು. ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ‘ಆಂಟಿ ಏಲಿಯಾಸಿಂಗ್’ ಹೆಚ್ಚಿಸಿದೆ. ಅಂಚುಗಳು ನುಣುಪಾದವು, ಆಟ ತೆವಳತೊಡಗಿತು. ಅಣ್ಣ ತಲೆಗೆ ಮೊಟಕಿ, “ಅದನ್ನ ಮುಟ್ಬೇಡ ಕಣೋ, ಸಿಸ್ಟಮ್ ತಡ್ಕೊಳ್ಳಲ್ಲ” ಅಂದ.

ಯಾಕೆ ಎನ್ನುವುದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಪರದೆಯೆಂದರೆ ಚೌಕಗಳ ಹಾಳೆ. ಓರೆಗೆರೆಯೊಂದು ಚೌಕವನ್ನು ಸೀಳಿಕೊಂಡು ಹೋದಾಗ ಕಂಪ್ಯೂಟರು ಅದರ ನಡುವಿನ ಒಂದೇ ಬಿಂದುವನ್ನು ನೋಡುತ್ತದೆ. ಬಿಂದು ಗೆರೆಯ ಒಳಗಿದ್ದರೆ ಇಡೀ ಚೌಕಕ್ಕೆ ಬಣ್ಣ, ಹೊರಗಿದ್ದರೆ ಇಲ್ಲ. ‘ಅರ್ಧ’ ಎನ್ನಲು ದಾರಿಯಿಲ್ಲ. ಹಾಗಾಗಿ ಮೆಟ್ಟಿಲು. 1977ರಲ್ಲೇ ಫ್ರಾಂಕ್ಲಿನ್ ಕ್ರೋ ಇದನ್ನು ಸಾಲದ ಮಾದರಿಯ ಸಮಸ್ಯೆಯೆಂದು ವಿವರಿಸಿದ್ದರು. ಮಲ್ಟಿಸ್ಯಾಂಪಲಿಂಗ್‌ನಲ್ಲಿ ಒಂದರ ಬದಲು, ಉದಾಹರಣೆಗೆ, 4 ಬಿಂದುಗಳನ್ನು ನೋಡುತ್ತಾರೆ. ಮೂರು ಒಳಗೆ, ಒಂದು ಹೊರಗೆ ಬಂದರೆ ಮುಕ್ಕಾಲು ಬಣ್ಣ. ಅಷ್ಟೂ ಬಿಂದುಗಳ ಲೆಕ್ಕವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಅಣ್ಣನ ಸಿಸ್ಟಮ್ ತಡೆಯದೇ ಹೋದದ್ದು ಇದನ್ನೇ.

ಅಗ್ಗದ ದಾರಿಯೂ ಇದೆ. ಎಫ್‌ಎಕ್ಸ್‌ಎಎ ಸಿದ್ಧವಾದ ಚಿತ್ರದಲ್ಲಿ ಹಲ್ಲುಗಳನ್ನು ಹುಡುಕಿ, ಅಕ್ಕಪಕ್ಕದ ಬಣ್ಣ ಬೆರೆಸಿ ಸವರುತ್ತದೆ. ಕಣ್ಣಿಗೆ ಹಿತ. ಆದರೆ ಯಾವ ಬಿಂದುವಿಗೂ ಸಿಗದೆ ತಪ್ಪಿಹೋದ ತೆಳು ತಂತಿಯನ್ನು ಅದು ಮರಳಿ ತರಲಾರದು. ನೋಡದೇ ಇದ್ದುದನ್ನು ಆಮೇಲೆ ಸವರಿ ತರುವುದು ಹೇಗೆ?

ಈ ಪ್ರಶ್ನೆ ನನ್ನನ್ನು ತಟ್ಟಿದ್ದು ಆಟ ಆಡುವಾಗಲ್ಲ, ಪಿಎಚ್‌.ಡಿ.ಗೆ ಊರೂರು ತಿರುಗಿ ತುಂಬಿಸಿದ ಫಾರ್ಮುಗಳನ್ನು ಎಣಿಸುವಾಗ. ‘ಓದಲು ಬರುತ್ತದೆಯೇ? ಹೌದು / ಇಲ್ಲ.’ ಒಬ್ಬ ಅಜ್ಜಿ, “ಬಸ್ಸಿನ ಬೋರ್ಡ್ ಓದ್ತೀನಿ ಕಣಪ್ಪ, ಕಾಗ್ದ ಗೀಗ್ದ ಬರಲ್ಲ” ಅಂದಿದ್ದರು. ನಾನು ‘ಇಲ್ಲ’ಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಅವರು ತಾವಾಗಿ ಹೇಳಿದ್ದರಿಂದ ಆ ಮಾತು ನನಗೆ ನೆನಪಿದೆ. ಹೇಳದೆ ಸುಮ್ಮನಾದವರು ಎಷ್ಟು ಮಂದಿಯೋ! ಅವರನ್ನು ಯಾವ ಸರಾಸರಿಯೂ ನನ್ನ ಕೋಷ್ಟಕಕ್ಕೆ ಮರಳಿ ತರದು.

ಈಗ ಆ ಒಂದು ಪ್ರಶ್ನೆಯನ್ನು ನಾಲ್ಕಾಗಿ ಒಡೆದಿದ್ದೇನೆ: ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಪತ್ರಿಕೆ, ಕಾಗದ. ಮತ್ತೆ ಅದೇ ಊರುಗಳಿಗೆ ಹೋಗಬೇಕು. ಫೆಲೋಶಿಪ್ ಮುಗಿಯಲು ಹೆಚ್ಚು ದಿನವಿಲ್ಲ. ಅಣ್ಣನಿಗೆ ಫೋನಿನಲ್ಲಿ ಹೇಳಿದರೆ ನಕ್ಕು, “ಸಿಸ್ಟಮ್ ತಡ್ಕೊಳ್ಳುತ್ತೇನೋ?” ಎಂದ.