ಕೇಳುವ ವಿದ್ಯೆ

‘ಕೇಳು’ ಎಂಬ ಧಾತುವಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಬೇಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಶಿಕಾರಿಪುರದ ಕಾಲೇಜೊಂದರಲ್ಲಿ ಹತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಈ ಎರಡು ಅರ್ಥಗಳನ್ನು ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ, ಅಳಿಸಿದ್ದೇನೆ. ಆದರೆ ಅವೆರಡೂ ಒಂದೇ ಪದದಲ್ಲಿ ಏಕೆ ಮನೆ ಮಾಡಿಕೊಂಡಿವೆ ಎಂಬುದು ನನಗೆ ಮನವರಿಕೆಯಾದದ್ದು ಕಳೆದ ದೀಪಾವಳಿಯಲ್ಲಿ. ಅದನ್ನು ತಿಳಿಸಿದವರು ನಾಲ್ಕನೆಯ ತರಗತಿಯನ್ನೂ ಮುಗಿಸದ ನನ್ನ ತಂದೆ.

ರಜೆಗೆ ಮುಂಚಿನ ಕೊನೆಯ ತರಗತಿಯಲ್ಲಿ ಅಲ್ಲಮಪ್ರಭುವಿನ ಪಾಠ ನಡೆದಿತ್ತು. ಶೂನ್ಯಸಿಂಹಾಸನವನ್ನೇರಿದ ಆ ಮಹಾನುಭಾವನನ್ನು ಹರಿಹರನು ತನ್ನ ರಗಳೆಯಲ್ಲಿ ಮೊದಲು ಮದ್ದಳೆಗಾರನನ್ನಾಗಿಯೇ ಚಿತ್ರಿಸಿದ್ದಾನೆ. ಅವನ ಬಳ್ಳಿಗಾವೆ ನಮ್ಮ ತಾಲ್ಲೂಕಿನದೇ; ಶಿರಾಳಕೊಪ್ಪದ ಮಗ್ಗುಲಲ್ಲಿದೆ. ಸಂಗೀತದ ಮಾತು ಬಂದಾಗ ನನ್ನ ನಾಲಗೆಗೆ ಲಗಾಮಿಲ್ಲ. 1939ರಲ್ಲಿ ಆರಂಭವಾದ ಬೆಂಗಳೂರಿನ ಶ್ರೀರಾಮಸೇವಾ ಮಂಡಲಿಯ ರಾಮೋತ್ಸವದಲ್ಲಿ, ಕೋಟೆ ಪ್ರೌಢಶಾಲೆಯ ಮೈದಾನದ ಬೇಲಿಗೆ ಒರಗಿ ನಿಂತು ನಾನು ಕಚೇರಿ ಕೇಳಿದ್ದನ್ನು ಹೇಳಿದೆ. ಅಲ್ಲಿಂದ ಫ್ರಾನ್ಸಿಗೇ ಹಾರಿದೆ. 1982ರ ಜೂನ್ 21ರಂದು ಅಲ್ಲಿ ಒಂದು ಸಂಗೀತದ ಹಬ್ಬ ಆರಂಭವಾಯಿತು. ಪಂಡಿತನೇ ಆಗಲಿ, ಹವ್ಯಾಸಿಯೇ ಆಗಲಿ, ಹಾಡಬಲ್ಲವರೂ ನುಡಿಸಬಲ್ಲವರೂ ಬೀದಿಗೆ ಬರಬೇಕು. ಕೇಳುವವರು ಕಾಸು ಕೊಡಬೇಕಾಗಿಲ್ಲ. ಇಂದು ಅನೇಕ ದೇಶಗಳು ಆ ಹಬ್ಬವನ್ನು ಆಚರಿಸುತ್ತಿವೆ. “ನಮ್ಮಲ್ಲಿ ಇಂಥದೊಂದು ಆಗುವುದು ಎಂದಿಗೋ!” ಎಂದು ನಿಟ್ಟುಸಿರಿಟ್ಟೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಸಾರ್, ನಮ್ಮ ಕಡೆ ಅಂಟಿಗೆ-ಪಂಟಿಗೆಯವರು ಮಾಡುವುದೂ ಅದೇ ಅಲ್ಲವೇ?” ಎಂದು ಕೇಳಿದ.

ವಾಚಕರಲ್ಲಿ ಪಟ್ಟಣವಾಸಿಗಳಾದವರಿಗೆ ಎರಡು ಮಾತು ಹೇಳಬೇಕು. ಬಲಿಪಾಡ್ಯಮಿಯ ರಾತ್ರಿ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಗಂಡಸರ ಒಂದು ತಂಡ ದೇವರ ಮುಂದೆ ದೀಪ ಹೊತ್ತಿಸಿಕೊಂಡು ಹೊರಡುತ್ತದೆ. ಮನೆಯಿಂದ ಮನೆಗೆ, ಊರಿಂದ ಊರಿಗೆ, ಬೆಳಗಿನವರೆಗೂ ಅವರು ಹಾಡುತ್ತ ನಡೆಯುತ್ತಾರೆ. ಬಾಗಿಲು ತೆರೆಯಲು ಒಂದು ಹಾಡು, ದೀಪಕ್ಕೆ ಎಣ್ಣೆ ಎರೆಯಲು ಒಂದು ಹಾಡು, ಬಲೀಂದ್ರನ ಕಥೆಗೆ ಮತ್ತೊಂದು. ಮುಮ್ಮೇಳದವರು ಒಂದು ಸೊಲ್ಲು ಹೇಳಿದರೆ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಮನೆಯೊಡತಿ ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ಮನೆಯ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿಯನ್ನೋ ಕಾಸನ್ನೋ ಕೊಟ್ಟು ಕಳುಹಿಸುತ್ತಾಳೆ. ಹೊರಟ ದೀಪ ನಡುದಾರಿಯಲ್ಲಿ ನಂದಕೂಡದು.

ಹುಡುಗನ ಪ್ರಶ್ನೆಗೆ “ಹೌದಪ್ಪ, ಅದೇ” ಎಂದು ಹೇಳಿ ಪುಸ್ತಕ ಮುಚ್ಚಿದೆ. ಸೊರಬ ತಾಲ್ಲೂಕಿನ ನಮ್ಮ ಊರಿನ ತಂಡಕ್ಕೆ ನನ್ನ ತಂದೆಯೇ ಮುಮ್ಮೇಳದವರೆಂದು ಹೇಳಲು ಬಾಯಿ ಬರಲಿಲ್ಲ. ಐದನೆಯ ತರಗತಿಯಲ್ಲಿದ್ದಾಗ ಒಬ್ಬ ಸಹಪಾಠಿ ಎಲ್ಲರೆದುರು, “ನಿನ್ನೆ ರಾತ್ರಿ ಇವನಪ್ಪ ನಮ್ಮ ಮನೆಗೆ ಅಕ್ಕಿ ಕೇಳಲು ಬಂದಿದ್ದ” ಎಂದು ನಕ್ಕಿದ್ದ. ಅಂದಿನಿಂದ ನಾನು ಆ ದೀಪದ ಹಿಂದೆ ಹೋದವನಲ್ಲ. ಹಬ್ಬದ ರಾತ್ರಿ ಪುಸ್ತಕ ಹಿಡಿದು ಒಳಗೆ ಕುಳಿತುಬಿಡುತ್ತಿದ್ದೆ. ಹಾಗೆ ಕುಳಿತು ಓದಿದ್ದರ ಫಲವೇ ಈ ಎಂ.ಎ. ಪದವಿ ಎಂದರೂ ತಪ್ಪಾಗದು.

ಅತ್ತ ತಂಡ ವರ್ಷೇ ವರ್ಷೇ ಕರಗುತ್ತ ಬಂದಿತ್ತು. ಹರೆಯದವರು ಬೆಂಗಳೂರು ಸೇರಿದರು. ಹಿಮ್ಮೇಳಕ್ಕೆ ಇಬ್ಬರು ಮುದುಕರು ಉಳಿದರು. ಎರಡು ವರ್ಷಗಳಿಂದ ನಮ್ಮ ಊರಿನ ದೀಪ ಗುಡಿಯ ಮೆಟ್ಟಿಲನ್ನೇ ಇಳಿದಿರಲಿಲ್ಲ.

ಆ ಸಂಜೆ ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಹುಚ್ಚು ಹೊಕ್ಕಿತ್ತು. ಹಬ್ಬಕ್ಕೆ ಇನ್ನು ಮೂರೇ ದಿನ. ಶಿಕಾರಿಪುರದ ಸಂಗೀತಗಾರರನ್ನು ನಮ್ಮ ಊರಿಗೆ ಕರೆದೊಯ್ಯಬೇಕು. ಗುಡಿಯ ಮುಂದಿನ ಕಣದಲ್ಲಿ, ಬಯಲಿನಲ್ಲಿ, ಎಲ್ಲರೂ ಕೂಡಿ ಹಾಡಬೇಕು. ತತ್‌ಕ್ಷಣವೇ ಕಾಗದ ತೆಗೆದು, “ಮಾನ್ಯರೇ, ನಶಿಸುತ್ತಿರುವ ಸಾಂಸ್ಕೃತಿಕ ಪರಂಪರೆಯ ಪುನರುಜ್ಜೀವನಾರ್ಥವಾಗಿ” ಎಂದು ಆರಂಭಿಸಿ ಒಂದು ಮನವಿಯನ್ನು ಸಿದ್ಧಪಡಿಸಿದೆ. ಇಂದಿಗೂ ಹೇಳುತ್ತೇನೆ, ಅದರಲ್ಲಿ ಒಂದೂ ವ್ಯಾಕರಣದೋಷವಿರಲಿಲ್ಲ.

ಮಕ್ಕಳಿಗೆ ಸಂಗೀತ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಅದನ್ನೋದಿ, “ಅಧ್ಯಕ್ಷರು ಯಾರು? ನನ್ನ ಹೆಸರು ಮೂರನೆಯದಾಗಿ ಏಕಿದೆ?” ಎಂದರು. ಮದುವೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುವಾತ, “ಎಷ್ಟು ಗಂಟೆ, ಎಷ್ಟು ರೂಪಾಯಿ?” ಎಂದ. ನಮ್ಮ ಬೀದಿಯ ಭಜನಾಮಂಡಲಿಯ ಹಿರಿಯಮ್ಮ ಕನ್ನಡಕ ಏರಿಸಿಕೊಂಡು, “ನಾವು ದೇವರ ನಾಮ ಬಿಟ್ಟು ಬೇರೆ ಹಾಡುವವರಲ್ಲಪ್ಪ” ಎಂದರು. ಕೈಯಲ್ಲಿದ್ದ ಮನವಿಯ ಪ್ರತಿಗಳು ಕೈಯಲ್ಲಿಯೇ ಉಳಿದುವು.

ಕಣ್ಣಿನ ಪರೀಕ್ಷೆಗೆಂದು ಬಂದಿದ್ದ ಅಪ್ಪಯ್ಯ ಜಗುಲಿಯ ಮೇಲೆ ಕುಳಿತಿದ್ದರು. ನನ್ನ ಮುಖ ನೋಡಿ, “ಎಲ್ಲಿಗೆ ಹೋಗಿದ್ದೆಯೋ?” ಎಂದರು. ನಡೆದುದನ್ನೆಲ್ಲ ಹೇಳಿದೆ.

“ಅವರನ್ನ ಕೇಳಿದೆ ಅಂತೀಯಲ್ಲ, ಅವರ ಹಾಡು ಕೇಳಿದೆಯೇನು?”

“ಇಲ್ಲ ಅಪ್ಪಯ್ಯ. ಅದಕ್ಕೆ ಹೊತ್ತೆಲ್ಲಿತ್ತು?”

“ಕೇಳಲಿಕ್ಕೆ ಅಂತ ಹೋದವನು ಕೇಳದೇ ಬಂದೆಯಾ?” ಎಂದು ಅವರು ನಕ್ಕರು. “ನಾವು ಯಾರ ಬಾಗಿಲಲ್ಲೂ ಮೊದಲು ಚೀಲ ಒಡ್ಡಿದವರಲ್ಲ. ಮೊದಲು ಹಾಡು, ಆಮೇಲೆ ದೀಪ. ಎಣ್ಣೆ ಎರೆಯೋದು ಅವರ ಸಂತೋಷ. ನಾಳೆ ನಾನೂ ಬರ್ತೀನಿ, ನಡಿ.”

ಮರುದಿನ ಅಪ್ಪಯ್ಯ ಹಾರ್ಮೋನಿಯಂ ಮೇಷ್ಟ್ರ ಮನೆಯಲ್ಲಿ ಚಾಪೆಯ ಮೇಲೆ ಕುಳಿತು, “ಸ್ವಾಮಿ, ಒಂದು ಸ್ವಲ್ಪ ನುಡಿಸಿ” ಎಂದರು. ಅರ್ಧ ಗಂಟೆ ಕಣ್ಣು ಮುಚ್ಚಿ ಕೇಳಿದರು. ಅದಾದ ಮೇಲೆ, ಯಾರೂ ಕೇಳದಿದ್ದರೂ, ಬಾಗಿಲು ತೆರೆಯುವ ಹಾಡಿನ ಎರಡು ಸೊಲ್ಲನ್ನು ಮೆಲ್ಲನೆ ಹಾಡಿದರು. ಮೇಷ್ಟ್ರು ತಾವಾಗಿಯೇ, “ಎಷ್ಟು ಗಂಟೆಗೆ ಹೊರಡಬೇಕು?” ಎಂದರು. ಕ್ಲಾರಿಯೊನೆಟ್ಟಿನವನನ್ನು, “ಮದುವೆಯವರಿಗಾಗಿ ಅಲ್ಲದೆ, ನಿನಗಾಗಿ ಏನು ನುಡಿಸ್ತೀಯಪ್ಪ?” ಎಂದು ವಿಚಾರಿಸಿದರು. ಆತನನ್ನು ಆ ಪ್ರಶ್ನೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲವೆಂದು ತೋರುತ್ತದೆ; ಒಳಗೆ ಹೋಗಿ ವಾದ್ಯ ತಂದ. ಹಿರಿಯಮ್ಮನವರಂತೂ ಬಲೀಂದ್ರನ ಹಾಡು ಕೇಳಿ, “ಬಲಿಯ ಬಾಗಿಲು ಕಾದವನು ನಮ್ಮ ಸ್ವಾಮಿಯೇ ಅಲ್ಲವೇ! ಇದೂ ದೇವರ ನಾಮವೇ” ಎಂದು ತಾವೇ ತೀರ್ಪಿತ್ತರು. ನನ್ನ ಮನವಿಯ ಹಿಂಬದಿಯಲ್ಲಿ ನನ್ನಾಕೆ ಹಬ್ಬದ ಸಾಮಾನಿನ ಪಟ್ಟಿ ಬರೆದುಕೊಂಡಳು.

ಪಾಡ್ಯಮಿಯ ಸಂಜೆ ಎರಡು ಬಾಡಿಗೆ ವಾಹನಗಳಲ್ಲಿ ನಾವು ಹದಿನಾರು ಮಂದಿ ಶಿರಾಳಕೊಪ್ಪದ ಮಾರ್ಗವಾಗಿ ಊರು ತಲಪಿದೆವು. ವೇದಿಕೆಯಿಲ್ಲ, ಧ್ವನಿವರ್ಧಕವಿಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಗುಡಿಯಲ್ಲಿ ದೀಪ ಹೊತ್ತಿತು. ಕಣದಲ್ಲಿ ಹಿರಿಯಮ್ಮನವರ ಮಂಡಲಿ ಎರಡು ದೇವರ ನಾಮ ಹಾಡಿತು. ನೆರೆಯೂರಿನ ಡೊಳ್ಳಿನ ಹುಡುಗರು ಸದ್ದು ಕೇಳಿಯೇ ಬಂದು ಸೇರಿದರು. ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ತರುಣರು ಮೊದಲು ಬೇಲಿಯಾಚೆ ನಿಂತಿದ್ದರು, ಬಳಿಕ ಒಳಗೆ ಬಂದು ಕುಳಿತರು.

ಕೊನೆಗೆ ಅಪ್ಪಯ್ಯ ಎದ್ದರು. ಮೇಷ್ಟ್ರು ಶ್ರುತಿ ಹುಡುಕಿದರು. ಅಪ್ಪಯ್ಯನ ಕಂಠವೋ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಎಲ್ಲಿಯೋ ನಿಂತಿತ್ತು. ಯಾವ ಮನೆಯನ್ನು ಒತ್ತಿದರೂ ಹೊಂದಿಕೆಯಾಗದು. ಮೇಷ್ಟ್ರು ತುಸು ಹೊತ್ತು ಹೆಣಗಿ, ನಕ್ಕು, ಪೆಟ್ಟಿಗೆ ಮುಚ್ಚಿ, ಅಂಗೈಯಲ್ಲಿ ತಾಳ ಹಾಕುತ್ತ ಕುಳಿತುಬಿಟ್ಟರು. ಕ್ಲಾರಿಯೊನೆಟ್ಟಿನವನು ಮಾತ್ರ ತುಟಿಯ ಬಿಗಿಯನ್ನು ಸಡಿಲಿಸಿ ಸ್ವರವನ್ನು ಬಾಗಿಸಿ, ಆ ನಡುವಿನ ಜಾಗವನ್ನು ಹಿಡಿದ.

ಅನಂತರ ದೀಪ ಮನೆಗಳತ್ತ ಹೊರಟಿತು. ಇಡೀ ಕಣವೇ ಅದರ ಹಿಂದೆ ನಡೆಯಿತು. ಗಾಳಿ ಬೀಸಿದಾಗ ಮೇಷ್ಟ್ರು ತಮ್ಮ ಜರಿಯ ಶಾಲನ್ನೇ ದೀಪಕ್ಕೆ ಮರೆ ಹಿಡಿದರು. ನಾಲ್ಕನೆಯ ಮನೆಯ ಬಾಗಿಲಲ್ಲಿ ಅಪ್ಪಯ್ಯ ಸೊಲ್ಲು ಎತ್ತಿದರು. ಅರ್ಧದಲ್ಲಿ ದನಿ ಒಡೆಯಿತು. ಹಿಮ್ಮೇಳದ ಮುದುಕರಿಬ್ಬರೂ ದಣಿದು ಹಿಂದೆ ಉಳಿದಿದ್ದರು. ಒಂದು ಕ್ಷಣ ಎಲ್ಲವೂ ನಿಶ್ಶಬ್ದ. ಆಗ ಯಾರೋ ಆ ಸೊಲ್ಲನ್ನು ಎತ್ತಿಕೊಂಡರು. ಅದು ನಾನೇ ಎಂದು ತಿಳಿಯುವಷ್ಟರಲ್ಲಿ ಹಾಡು ಮುಂದಕ್ಕೆ ಹೋಗಿತ್ತು. ಒಳಗೆ ಪುಸ್ತಕ ಹಿಡಿದು ಕುಳಿತ ಅಷ್ಟೂ ವರ್ಷ, ಕಿವಿ ಮಾತ್ರ ಹೊರಗಡೆಯೇ ಇದ್ದಿರಬೇಕು.

ಬಾಗಿಲು ತೆರೆದವನು ನನ್ನ ಅದೇ ಸಹಪಾಠಿ. ಅವನ ಮಡದಿ ದೀಪಕ್ಕೆ ಎಣ್ಣೆ ಎರೆದು ಮೊರದಲ್ಲಿ ಅಕ್ಕಿ ತಂದಳು. ಚೀಲ ನನ್ನ ಹೆಗಲಲ್ಲಿತ್ತು. ಬಿಚ್ಚಿ ಒಡ್ಡಿದೆ. “ಅರೆ, ನೀನೂ ಹಾಡ್ತೀಯಾ? ಈ ದೀಪ ಬಾರದೆ ಎರಡು ವರ್ಷ ಹಬ್ಬವೇ ಹಬ್ಬ ಅನ್ನಿಸಲಿಲ್ಲ ನೋಡು” ಎಂದು ಅವನು ನನ್ನ ಭುಜ ಹಿಡಿದ. ಹಳೆಯ ಮಾತಿನ ನೆನಪೇ ಅವನಿಗಿರಲಿಲ್ಲ. ಮುಂದಿನ ಮನೆಗೆ ಅವನೂ ನಮ್ಮೊಡನೆ ಬಂದ.

ಬೆಳಗಾಗುವ ಹೊತ್ತಿಗೆ ದೀಪ ನಂದದೆ ಗುಡಿಗೆ ಮರಳಿತು. ಬಂದ ಅಕ್ಕಿಯಲ್ಲಿ ಮಧ್ಯಾಹ್ನ ಎಲ್ಲರಿಗೂ ಅಡಿಗೆಯಾಯಿತು. ಮಿಕ್ಕ ಒಂದೆರಡು ಸೇರನ್ನು ಅಪ್ಪಯ್ಯ ನನ್ನ ಚೀಲದಲ್ಲಿಯೇ ಬಿಟ್ಟರು. ಶಿಕಾರಿಪುರದ ಮನೆಯಲ್ಲಿ ನನ್ನಾಕೆ ಅದನ್ನು ಡಬ್ಬಿಗೆ ಸುರಿಯುತ್ತ, “ಮದುವೆಯಾದಂದಿನಿಂದ ನೋಡುತ್ತಿದ್ದೇನೆ, ನೀವು ಹೆಗಲ ಮೇಲೆ ಹೊತ್ತು ತಂದ ಸಂಪಾದನೆ ಇದೊಂದೇ” ಎಂದಳು.