ಇರುಂಗಾಟ್ಟುಕೋಟೆಯ ಓಟದ ಪಥದಲ್ಲಿ ಮನೆಯ ಕಾರು

ಹೊಸೂರಿನಿಂದ ಮದ್ರಾಸಿಗೆ ಹೋಗುವ ಹೆದ್ದಾರಿ ನಮ್ಮ ಕಡೆಯ ಕನ್ನಡ ಕುಟುಂಬಗಳಿಗೆ ಹೊಸದಲ್ಲ. ಚಿಕಿತ್ಸೆಗೆಂದು ವೆಲ್ಲೂರಿಗೆ, ಮದುವೆಯ ಸೀರೆಗೆಂದು ಕಂಚಿಗೆ, ಕಾಗದಪತ್ರದ ಕೆಲಸಕ್ಕೆಂದು ರಾಜಧಾನಿಗೆ ಈ ದಾರಿಯನ್ನು ತುಳಿಯದ ಮನೆ ನಮ್ಮಲ್ಲಿ ವಿರಳ. ಮದ್ರಾಸು 1996ರಲ್ಲಿಯೇ ಚೆನ್ನೈ ಆಯಿತಾದರೂ ನಮ್ಮ ನಾಲಿಗೆಗೆ ಹಳೆಯ ಹೆಸರೇ ರೂಢಿ. ಈ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರನ್ನು ದಾಟಿ ತುಸು ಮುಂದೆ ಹೋದರೆ, ಕಾರ್ಖಾನೆಗಳ ಸಾಲಿನ ನಡುವೆ ಇನ್ನೊಂದು ರಸ್ತೆ ಇದೆ. ಅದು ಯಾವ ಊರಿಗೂ ಹೋಗುವುದಿಲ್ಲ. ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಉದ್ದ 3.717 ಕಿಲೋಮೀಟರು, ತಿರುವುಗಳು ಹನ್ನೆರಡು. ಮೊದಲು ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಎಂದು ಕರೆಯುತ್ತಿದ್ದ ಪಥ ಅದೇ. ಊರಿನ ಹೆಸರು ಇರುಂಗಾಟ್ಟುಕೋಟೆ. ಕಾಡು, ಕೋಟೆ ಎಂಬ ಎರಡು ಮಾತುಗಳೂ ಕನ್ನಡಿಗನ ಕಿವಿಗೆ ಅರ್ಥ ಕೇಳದೆ ಇಳಿಯುತ್ತವೆ. ಈಗ ಕಣ್ಣಿಗೆ ಬೀಳುವುದು ಮಾತ್ರ ಕಾಡೂ ಅಲ್ಲ, ಕೋಟೆಯೂ ಅಲ್ಲ.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಎಂಬ ಸಂಸ್ಥೆ ಹುಟ್ಟಿದ್ದು 1953ರಲ್ಲಿ. ಎರಡನೆಯ ಮಹಾಯುದ್ಧದ ಕಾಲದ ಷೋಳಾವರಂ ವಿಮಾನಪಟ್ಟಿಯ ಮೇಲೆ ಬಹುಕಾಲ ಓಟಗಳನ್ನು ನಡೆಸಿ, ಕೊನೆಗೆ ತನ್ನದೇ ಆದ ಪಥವನ್ನು ಇಲ್ಲಿ ಕಟ್ಟಿಕೊಂಡಿತು. ಅದು ತೆರೆದದ್ದು 1990ರಲ್ಲಿ. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಅವರು 2005ರಲ್ಲಿ ಫಾರ್ಮುಲಾ ಒನ್ ಓಟಕ್ಕೆ ಇಳಿದ ಮೊದಲ ಭಾರತೀಯರಾದರು. ಅವರು ಎಳೆಯ ವಯಸ್ಸಿನಲ್ಲಿ ಕೈ ಪಳಗಿಸಿಕೊಂಡ ಜಾಗಗಳಲ್ಲಿ ಇದೂ ಒಂದು. ಸ್ಪರ್ಧೆಗಳಿಲ್ಲದ ದಿನಗಳಲ್ಲಿ ಯಾರಾದರೂ ಪಥವನ್ನು ಬಾಡಿಗೆಗೆ ಹಿಡಿದು, ಶುಲ್ಕ ಕೊಟ್ಟ ಸಾಮಾನ್ಯರಿಗೆ ತಮ್ಮ ತಮ್ಮ ವಾಹನಗಳನ್ನೇ ಓಡಿಸಲು ಬಿಡುವ ಪದ್ಧತಿ ಉಂಟು. ಅದಕ್ಕೆ ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಅದು ಪಂದ್ಯವಲ್ಲ. ಅಲ್ಲಿ ಮೊದಲಿಗನೂ ಇಲ್ಲ, ಕಡೆಯವನೂ ಇಲ್ಲ, ಬಹುಮಾನವಂತೂ ಇಲ್ಲವೇ ಇಲ್ಲ.

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ಇಂಥ ಕಡೆ ಏನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ತಂಗಿಯ ಮಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ವಯಸ್ಸು ಇಪ್ಪತ್ತನಾಲ್ಕು. ಭಾವನವರು ಬ್ಯಾಂಕಿನ ಸಾಲದಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರನ್ನು ಕೊಂಡಿದ್ದರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ಮು, ಹಿಂಬದಿಯಲ್ಲಿ ಅಕ್ಕಿಮೂಟೆ ಹಿಡಿಯುವಷ್ಟು ಜಾಗ: ನಮ್ಮಂಥವರ ಮನೆಗಳ ಮುಂದೆ ನಿಂತಿರುವ ಎಲ್ಲ ಕಾರುಗಳಂಥದೇ ಒಂದು ಕಾರು. ಹುಡುಗ ಒಂದು ರಾತ್ರಿ ಹೊಸೂರಿನಿಂದ ಕೃಷ್ಣಗಿರಿಗೆ ಅರ್ಧ ಗಂಟೆಯಲ್ಲಿ ತಲುಪಿದೆನೆಂದು ಗೆಳೆಯರಲ್ಲಿ ಹೇಳಿಕೊಂಡದ್ದು ಮನೆಯವರ ಕಿವಿಗೆ ಬಿತ್ತು. ದೂರ ಐವತ್ತು ಕಿಲೋಮೀಟರು. ಎರಡು ವರ್ಷಗಳ ಹಿಂದೆ ಅವನ ಜೊತೆಯಲ್ಲಿಯೇ ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಶೂಲಗಿರಿಯ ಬಳಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರುಗಳೂ ಒಂದರ ಕೆಳಗೊಂದಿದ್ದವು. ತಂಗಿ ಅಂದಿನಿಂದ ಮಗನ ಕಾರಿನ ಸದ್ದು ಬೀದಿಯ ಮೂಲೆಯಲ್ಲಿ ಕೇಳುವವರೆಗೆ ಮಲಗುವವಳಲ್ಲ. ಆಗ ಹುಡುಗನೇ, “ಓಡಿಸಲೆಂದೇ ಜಾಗವಿದೆ ಮಾವ, ಒಮ್ಮೆ ಹೋಗಿಬರುತ್ತೇನೆ” ಎಂದ. “ಅಣ್ಣ, ಹೋಗುವುದಾದರೆ ನೀನೂ ಜೊತೆಗೆ ಹೋಗು” ಎಂದಳು ತಂಗಿ. ಹೀಗೆ ಕಳೆದ ಜನವರಿಯ ಒಂದು ಶನಿವಾರ ನಾವು ಹೊರಟೆವು.

ಹೊರಡುವ ಮುನ್ನ ಭಾವನವರು ವಿಮೆಯ ಪತ್ರವನ್ನು ತೆಗೆದು ಓದಿದರು. ಇದನ್ನು ಎಲ್ಲರೂ ಓದುವುದು ಒಳ್ಳೆಯದು. ನಮ್ಮ ದೇಶದ ಖಾಸಗಿ ಕಾರುಗಳ ವಿಮೆಯಲ್ಲಿ ಏರ್ಪಡಿಸಿದ ಓಟ, ವೇಗದ ಪರೀಕ್ಷೆ ಮುಂತಾದ ಬಳಕೆಗಳನ್ನು ಹೊರಗಿಟ್ಟಿರುತ್ತಾರೆ. ಪಥದಲ್ಲಿ ಕಾರು ಗೋಡೆಗೆ ತಗುಲಿದರೆ ಖರ್ಚು ಮನೆಯದೇ ಎಂದು ತಿಳಿದುಕೊಂಡೇ ಹೋಗಬೇಕು. ಇನ್ನು ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂತ ಕಟ್ಟಿ ಓಡಿಸಿದರೆ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಕಾದಿದೆ: 2019ರ ತಿದ್ದುಪಡಿಯ ಬಳಿಕ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ದಾರಿಯ ವಿಷಯ ಹೆಚ್ಚು ಹೇಳುವುದು ಬೇಡ. ಕೃಷ್ಣಗಿರಿಯ ಮಾವಿನ ತೋಪುಗಳು, ವಾಣಿಯಂಬಾಡಿ ಆಂಬೂರುಗಳ ಚರ್ಮದ ಕಾರ್ಖಾನೆಗಳು, ನಡುನಡುವೆ ಸುಂಕದ ಕಟ್ಟೆಗಳು. ಬಹುದೂರ ಜೊತೆಗೆ ಬರುವ ಪಾಲಾರ್ ನದಿಯಲ್ಲಿ ಮಾತ್ರ ಮರಳು ಹೆಚ್ಚು, ನೀರು ಕಡಮೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮಂತೆಯೇ ಗಡಿ ದಾಟಿ ಬಂದ ನದಿ ಇದು. ಶ್ರೀಪೆರುಂಬುದೂರಿನಲ್ಲಿ ಆ ರಾತ್ರಿ ತಂಗಿ, ಸಂಜೆ ಆದಿಕೇಶವ ಪೆರುಮಾಳ್ ದೇವಾಲಯಕ್ಕೆ ಹೋಗಿಬಂದೆವು. ಶ್ರೀರಾಮಾನುಜಾಚಾರ್ಯರು 1017ರಲ್ಲಿ ಹುಟ್ಟಿದ ಊರು ಇದೇ. ಇಲ್ಲಿ ಹುಟ್ಟಿದವರು ಹೊಯ್ಸಳ ನಾಡಿಗೆ ಬಂದು, ತೊಂಡನೂರಿನಲ್ಲಿಯೂ ಮೇಲುಕೋಟೆಯಲ್ಲಿಯೂ ನೆಲೆಸಿದರೆಂಬುದನ್ನು ನೆನೆದಾಗ, ಆ ಕಾಲದಲ್ಲಿ ಈ ದೂರವನ್ನು ಕಾಲ್ನಡೆಯಲ್ಲಿ ಸವೆಸಿದವರ ದಿನಗಳೆಷ್ಟೆಂಬ ಲೆಕ್ಕ ತಾನಾಗಿ ತಲೆಗೆ ಬರುತ್ತದೆ. 1991ರ ಮೇ 21ರಂದು ರಾಜೀವ್ ಗಾಂಧಿಯವರು ಹತರಾದ ಜಾಗದ ಸ್ಮಾರಕವೂ ಈ ಊರಿನಲ್ಲಿಯೇ ಇದೆ.

ಮರುದಿನ ಬೆಳಗ್ಗೆ ಏಳಕ್ಕೆ ಪಥದ ಬಾಗಿಲಿನಲ್ಲಿದ್ದೆವು. ಹುಡುಗ ನೇರವಾಗಿ ಓಡಿಸಲು ಬಿಡುತ್ತಾರೆಂದು ಎಣಿಸಿದ್ದ. ಮೊದಲು ಕಾರನ್ನು ಬರಿದು ಮಾಡಿಸಿದರು: ಸ್ಟೆಪ್ನಿ, ಜಾಕು, ನೀರಿನ ಬಾಟಲಿ, ಕಾಲೊರಸುವ ಚಾಪೆ, ಕನ್ನಡಿಗೆ ತಂಗಿ ಕಟ್ಟಿದ್ದ ನಿಂಬೆಹಣ್ಣಿನ ದಾರ. ಸಡಿಲವಾಗಿರುವ ಯಾವುದೇ ವಸ್ತು ತಿರುವಿನಲ್ಲಿ ಉರುಳಿ ಪೆಡಲಿನ ಕೆಳಗೆ ಸೇರಿದರೆ ಅನಾಹುತ. ನಿಂಬೆಹಣ್ಣನ್ನು ನಾವು ಜೇಬಿನಲ್ಲಿಟ್ಟುಕೊಂಡೆವು. ಬಳಿಕ ಚಕ್ರದ ನಟ್ಟುಗಳು, ಟೈರುಗಳು, ಬ್ರೇಕು, ಹೆಲ್ಮೆಟ್ಟು ಎಲ್ಲವನ್ನೂ ಪರೀಕ್ಷಿಸಿದರು. ತೋಳು ಮುಚ್ಚುವ ಹತ್ತಿಯ ಅಂಗಿ, ಬಿಗಿಯಾದ ಬೂಟು ಕಡ್ಡಾಯ; ಚಪ್ಪಲಿ ಹಾಕಿಕೊಂಡು ಬಂದ ಒಬ್ಬ ತರುಣನನ್ನು ಹಿಂದಕ್ಕೆ ಕಳುಹಿಸಿದರು.

ಆಮೇಲೆ ಒಂದು ಗಂಟೆಯ ಪಾಠ. ಬಾವುಟಗಳೇ ಅಲ್ಲಿನ ಅಕ್ಷರಮಾಲೆ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ. ನೀಲಿ ಕಂಡರೆ ಹಿಂದೆ ನಿನಗಿಂತ ವೇಗದವನಿದ್ದಾನೆ, ದಾರಿ ಬಿಡು. ಕೆಂಪು ಕಂಡರೆ ಎಲ್ಲರೂ ಮೆಲ್ಲನೆ ಒಳಗೆ ಬರುವುದು. ಕಪ್ಪನ್ನು ಯಾರಿಗೆ ತೋರಿಸಿದರೋ ಅವರು ಒಳಗೆ ಬಂದು ಉತ್ತರ ಹೇಳುವುದು. ಮುಂದಿನವರನ್ನು ದಾಟುವುದು ನೇರ ಭಾಗದಲ್ಲಿ ಮಾತ್ರ, ಅದೂ ಅವರು ಕೈಸನ್ನೆ ಮಾಡಿದ ಮೇಲೆ. ಹಿಂದಿನವನು ಮೀಸೆ ತಿರುವುತ್ತ ನುಗ್ಗುವುದಲ್ಲ, ಮುಂದಿನವನು ಒಪ್ಪಿ ಬಿಡುವುದು! ಮೂವತ್ತು ವರ್ಷ ಪಾಠ ಹೇಳಿದ ನಮಗೆ ಆ ತರಗತಿಯ ಶಿಸ್ತು ಮೆಚ್ಚಿಗೆಯಾಯಿತೆಂದು ಹೇಳಲೇಬೇಕು. ಕೇಳುತ್ತಿದ್ದವರು ವೈದ್ಯರು, ವ್ಯಾಪಾರಿಗಳು, ಕಂಪ್ಯೂಟರಿನವರು, ಒಬ್ಬರೂ ಪಿಸುಗುಟ್ಟಲಿಲ್ಲ.

ಮೊದಲ ಸುತ್ತು ಪರಿಚಯದ್ದು, ಮುಂದೆ ಒಂದು ಕಾರು ನಿಧಾನವಾಗಿ ದಾರಿ ತೋರುತ್ತದೆ. ಎರವಲು ಹೆಲ್ಮೆಟ್ಟು ಧರಿಸಿ ನಾವೂ ಅದರಲ್ಲಿ ಕುಳಿತೆವು. ರಸ್ತೆಯಂತೆಯೇ ಇದೆ, ಆದರೂ ರಸ್ತೆಯಲ್ಲ. ಮೈಲಿಗಲ್ಲಿಲ್ಲ, ಅಡ್ಡರಸ್ತೆಯಿಲ್ಲ, ಮರವಿಲ್ಲ, ನಾಯಿಯಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗುವವರು. ತಿರುವುಗಳ ಬಳಿ ಬಾವುಟ ಹಿಡಿದ ಮಾರ್ಷಲ್‌ಗಳು, ಒಂದು ಮೂಲೆಯಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡ ಆಂಬುಲೆನ್ಸು.

ಮುಂದಿನ ಸುತ್ತುಗಳಲ್ಲಿ ನಮ್ಮ ಜಾಗಕ್ಕೆ ತರಬೇತುದಾರರು ಬಂದು ಕುಳಿತರು. ಶಿಕ್ಷಕರ ತರಬೇತಿಯಲ್ಲಿ ನಾವು ಅಭ್ಯಾಸ ಪಾಠ ಮಾಡುವಾಗ ಗುರುಗಳು ಕೊನೆಯ ಬೆಂಚಿನಲ್ಲಿ ಕುಳಿತು ಗುರುತು ಹಾಕಿಕೊಳ್ಳುತ್ತಿದ್ದರಲ್ಲ, ಹಾಗೆ. ಹುಡುಗ ಇಳಿದು ಬಂದು ಹೇಳಿದ್ದು ಇಷ್ಟು: “ವೇಗ ಹೆಚ್ಚಿಸು ಅಂತ ಅವರು ಒಂದು ಸಲವೂ ಹೇಳಲಿಲ್ಲ ಮಾವ. ಬ್ರೇಕು ಹಿಡಿ, ಕಣ್ಣು ಮುಂದೆ ಇಡು, ಈ ಎರಡೇ ಮಾತು.” ತಿರುವಿಗೆ ಮುನ್ನ ನೇರ ಭಾಗದಲ್ಲಿಯೇ ವೇಗವನ್ನು ಇಳಿಸಿ ಮುಗಿಸಬೇಕು. ಹೊರ ಅಂಚಿನಿಂದ ಒಳ ಅಂಚಿಗೆ ತಾಗಿ ಮತ್ತೆ ಹೊರ ಅಂಚಿಗೆ ಹೋದರೆ ತಿರುವು ಹಿಗ್ಗುತ್ತದೆ. ಕಾರಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಅಂಗೈಯಗಲ ಮಾತ್ರ. ಬ್ರೇಕಿಗೂ ತಿರುಗುವುದಕ್ಕೂ ಆ ಅಂಗೈಯಗಲದ ಹಿಡಿತವನ್ನೇ ಹಂಚಿಕೊಳ್ಳಬೇಕು. ಎರಡನ್ನೂ ಒಮ್ಮೆಗೇ ಪೂರ್ತಿಯಾಗಿ ಕೇಳಿದರೆ ಕಾರು ಮೂಗು ಹೋದತ್ತ ನೇರವಾಗಿ ಜಾರುತ್ತದೆ. ಹುಡುಗನ ಕಾರು ಎರಡು ಸಲ ಹಾಗೆಯೇ ಜಾರಿ ಮಣ್ಣಿಗಿಳಿಯಿತು. ಅಲ್ಲಿ ಮಣ್ಣಿತ್ತು, ಹೆದ್ದಾರಿಯಾಗಿದ್ದರೆ ಏನಿರುತ್ತಿತ್ತೆಂದು ನಾವು ಕೇಳಲಿಲ್ಲ.

ಮೂರನೆಯ ಸರದಿಯಲ್ಲಿ, ಐದನೆಯ ಸುತ್ತಿಗೆ, ಬ್ರೇಕಿನ ಪೆಡಲು ಮೆತ್ತಗಾಗಿ ಕೆಳಗಿಳಿಯಿತು. ಹುಡುಗ ಕೈ ಎತ್ತಿ, ಗೇರು ಇಳಿಸಿ, ಮೆಲ್ಲನೆ ಒಳಗೆ ಬಂದ, ಮುಖ ಬಿಳಿಚಿಕೊಂಡಿತ್ತು. ಇದರ ಕಾರಣವನ್ನು ವಿವರಿಸುವುದು ಮೇಷ್ಟ್ರ ಕೆಲಸವೇ ಸರಿ. ಚಲಿಸುವ ವಸ್ತುವಿನ ಶಕ್ತಿ ಅದರ ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ 140 ಕಿಲೋಮೀಟರಿನಿಂದ 70ಕ್ಕೆ ಇಳಿದರೆ ವೇಗ ಅರ್ಧವಾಯಿತು, ಶಕ್ತಿ ಮಾತ್ರ ಕಾಲುಭಾಗಕ್ಕೆ ಇಳಿಯಿತು. ಮಿಕ್ಕ ಮುಕ್ಕಾಲು ಭಾಗವೆಲ್ಲ ಬಿಸಿಯಾಗಿ ಹೋಗಬೇಕು. ಇಬ್ಬರು ಕುಳಿತ ಆ ಸಣ್ಣ ಕಾರಿನ ತೂಕಕ್ಕೆ ಲೆಕ್ಕ ಹಾಕಿದರೆ, ಹಾಗೆ ಒಂದು ಸಲ ಬ್ರೇಕು ಹಿಡಿದಾಗ ಹುಟ್ಟುವ ಶಾಖ ಸುಮಾರು ಎರಡು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲುದು, ಅದೂ ಕೆಲವೇ ಸೆಕೆಂಡುಗಳಲ್ಲಿ. ಸುತ್ತಿಗೆ ಹಲವು ಸಲ ಹೀಗಾದರೆ ಆರುವುದಕ್ಕೆ ಸಮಯವೆಲ್ಲಿ? ನಾವು ಬ್ರೇಕ್ ಆಯಿಲ್ ಎನ್ನುವ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಟ್ಟ 155. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಅದುಮಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಕಾಲು ಒತ್ತುವುದು ಆ ಗುಳ್ಳೆಯನ್ನು, ಚಕ್ರವನ್ನಲ್ಲ.

ತಣಿಯುವವರೆಗೆ ಹ್ಯಾಂಡ್ ಬ್ರೇಕನ್ನೂ ಎಳೆಯಬಾರದಂತೆ. ನಮ್ಮ ಗಾಡಿಗಳಿಗೆ ಮಾಡುವಂತೆಯೇ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಮೆಕ್ಯಾನಿಕ್ಕು ಹಳೆಯ ದ್ರವವನ್ನು ತೆಗೆದಾಗ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಕಾರು ಕೊಂಡು ನಾಲ್ಕು ವರ್ಷ, ಒಮ್ಮೆಯೂ ಬದಲಾಯಿಸಿರಲಿಲ್ಲ.

ಆ ಬಿಡುವಿನಲ್ಲಿ ನಾವು ಕಾಗದದ ಮೇಲೆ ಒಂದು ಭಾಗಾಕಾರ ಮಾಡಿದೆವು. ಹುಡುಗನ ಒಳ್ಳೆಯ ಸುತ್ತು 2 ನಿಮಿಷ 45 ಸೆಕೆಂಡು. ಸರಾಸರಿ ವೇಗ ಗಂಟೆಗೆ 81 ಕಿಲೋಮೀಟರು. ಚೀಟಿಯನ್ನು ಅವನ ಕೈಗೆ ಕೊಟ್ಟೆವು. ಅವನು ಬಹಳ ಹೊತ್ತು ನೋಡಿದ. ಕೃಷ್ಣಗಿರಿಯ ಅರ್ಧ ಗಂಟೆಯ ಲೆಕ್ಕ ಅವನಿಗೂ ಬರುತ್ತಿತ್ತು: ಸರಾಸರಿ ನೂರು. “ಅದು ನೇರ ರಸ್ತೆ ಮಾವ” ಎಂದ. ಮಾತು ನಿಜವೇ. “ನೇರವೇನೋ ಹೌದು, ಈ ಬ್ರೇಕಿನಲ್ಲಿಯೇ ಅಲ್ಲವೇ ಹೋದದ್ದು?” ಎಂದೆವು. ಅವನು ಉತ್ತರ ಕೊಡದೆ ನೀರು ಕುಡಿಯಲು ಎದ್ದು ಹೋದ. ಮಧ್ಯಾಹ್ನದ ಸರದಿಯಲ್ಲಿ ಸುತ್ತಿಗೊಮ್ಮೆ ನಿಧಾನಿಸಿ ಬ್ರೇಕು ಆರಲು ಬಿಟ್ಟು ಓಡಿಸಿದ. 2 ನಿಮಿಷ 38 ಸೆಕೆಂಡಿಗೆ ಇಳಿಯಿತು. ಮಣ್ಣಿಗೆ ಮತ್ತೆ ಹೋಗಲಿಲ್ಲ. ಆ ಸುತ್ತುಗಳು ಕಣ್ಣಿಗೆ ವೇಗವಾಗಿ ಕಾಣುತ್ತಲೇ ಇರಲಿಲ್ಲವೆಂಬುದು ವಿಚಿತ್ರ. ಕೆಟ್ಟ ಅಕ್ಷರ ಬರೆಯುವ ಮಗುವೇ ಹೆಚ್ಚು ಅವಸರ ಮಾಡಿದಂತೆ ತೋರುವುದಿಲ್ಲವೇ, ಹಾಗೆ.

ಸೋಮವಾರ ಬೆಳಗ್ಗೆ ಹಿಂದಿರುಗಿದೆವು. ವಾಣಿಯಂಬಾಡಿಗೆ ಮುನ್ನ, ಹುಲ್ಲಿನ ಹೊರೆ ಕಟ್ಟಿಕೊಂಡ ಮೊಪೆಡ್ಡೊಂದು ನಮ್ಮ ಸಾಲಿನಲ್ಲಿಯೇ ಎದುರಿಗೆ ಬಂತು. ನಾವು ಕಾಣುವ ಮೊದಲೇ ಹುಡುಗ ಕಂಡಿದ್ದ; ಕಾರು ಆಗಲೇ ನಿಧಾನವಾಗಿತ್ತು. “ಇಲ್ಲಿ ಹಳದಿ ಬಾವುಟ ಹಿಡಿಯುವವರಿಲ್ಲ” ಎಂದ, ತನಗೆ ತಾನೇ ಎಂಬಂತೆ. ಹೊಸೂರಿಗೆ ಬರುವಾಗ ಊಟದ ಹೊತ್ತು ಮೀರಿತ್ತು.

ಮುಂದಿನ ಚಳಿಗಾಲಕ್ಕೆ ಮತ್ತೊಮ್ಮೆ ಹೋಗಬೇಕೆಂದು ಅವನ ಆಸೆ. ತಂಗಿ ಇನ್ನೂ ಒಪ್ಪಿಲ್ಲ, ಬೇಡವೆಂದೂ ಅಂದಿಲ್ಲ. ಸವೆದ ಬ್ರೇಕ್ ಪ್ಯಾಡುಗಳನ್ನು ಅವನು ತನ್ನ ಸಂಬಳದಲ್ಲಿಯೇ ಬದಲಾಯಿಸಿದ್ದಾನೆ. ನಿಂಬೆಹಣ್ಣಿನ ದಾರವನ್ನು ಅವಳು ಮತ್ತೆ ಕಟ್ಟಿದ್ದಾಳೆ.